ಶುದ್ಧ ಎಂಬ ಚೀಟಿ

ನಾಲಿಗೆಯ ತುದಿ ಮೊದಲು ಬೆಚ್ಚಗಾಯಿತು. ಆಮೇಲೆ ಜುಮುಜುಮು ಎನ್ನತೊಡಗಿತು.

“ಉಗುಳಿ, ಸಾಹೇಬ್ರೇ! ದಮ್ಮಯ್ಯ ಅಂತೀನಿ, ಉಗುಳಿ!”

ಮೂಗು ಸಾಹೇಬರು ಉಗುಳಲಿಲ್ಲ. ಗೋಡೆ ಗಡಿಯಾರದ ಮೇಲೆ ಕಣ್ಣಿಟ್ಟು ಒಂದು ಬೆರಳು ಎತ್ತಿ ತೋರಿಸಿದರು. ಇನ್ನೊಂದು ನಿಮಿಷ. ಜುಮುಗುಟ್ಟುವಿಕೆ ನಾಲಿಗೆಯಿಂದ ತುಟಿಗೆ ಬಂತು, ತುಟಿ ಮರಗಟ್ಟಿತು. ಹಲ್ಲಿನಿಂದ ಕಚ್ಚಿ ನೋಡಿದರು. ಅದು ತಮ್ಮ ತುಟಿಯೇ ಅಲ್ಲವೆನ್ನಿಸಿತು.

ಆಗ ಮಾತ್ರ ಅವರು ತೊಟ್ಟಿಯ ಹತ್ತಿರ ಹೋಗಿ ಉಗುಳಿ, ಎಂಟು ಹತ್ತು ಸಲ ಬಾಯಿ ಮುಕ್ಕಳಿಸಿದರು.

“ಹಸಿ,” ಎಂದರು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ. “ನೂರಕ್ಕೆ ನೂರು ಹಸಿ.”

ಬಾಗಿಲಲ್ಲಿ ನಿಂತಿದ್ದ ಕುಟ್ಟಾಣಿಯಕ್ಕ ಏಪ್ರನ್ನಿನ ಅಂಚನ್ನು ಹಿಂಡುತ್ತಿದ್ದಳು. ಈ ಮೂಲಿಕೆ ಔಷಧದ ಅಂಗಡಿಯ ಹಿಂಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರು, ತೊಗಟೆ, ಬೀಜಗಳನ್ನು ಕುಟ್ಟಿ ಪುಡಿ ಮಾಡುತ್ತಿದ್ದವಳು ಅವಳು. ತೋಳು ಪೈಲ್ವಾನನದು, ದನಿ ಮಾತ್ರ ಗುಬ್ಬಚ್ಚಿಯದು. ಬೇರೆ ದಿನವಾಗಿದ್ದರೆ ಸಾಹೇಬರು ಅದನ್ನೇ ಹೇಳಿ ಅವಳನ್ನು ನಗಿಸುತ್ತಿದ್ದರು.

ಯಾರೂ ಮಾಡಬಾರದ ಕೆಲಸವನ್ನು ಅವರು ಮಾಡಿದ್ದರು. ಮೂವತ್ತೊಂದು ವರ್ಷ ಸರ್ಕಾರಿ ಪರೀಕ್ಷಾಲಯದಲ್ಲಿ ಗಿಡಮೂಲಿಕೆಗಳ ಅಸಲು ನಕಲು ಹೇಳಿ ನಿವೃತ್ತರಾದ ಮನುಷ್ಯ. ವಿಷದ ಜಾಡಿಗೆ ನಾಲಿಗೆ ಹಚ್ಚಿದ ಎಳೆಯ ಸಹಾಯಕರನ್ನು ಬೈದು ಅಳಿಸಿದವರು. ಯಂತ್ರ ಹೇಳುವ ಮೊದಲೇ ಮೂಸಿ ಹೇಳಿಬಿಡುತ್ತಾರೆಂದು ಮೂಗು ಸಾಹೇಬರೆಂಬ ಹೆಸರು ಬಂದಿತ್ತು. ಬಾಡಿಗೆ ಕೊಡದೆ ಅರ್ಧ ಮುಖ ಹಿಡಿದು ಕೂತಿದೆ ನಿಮ್ಮ ಮೂಗು ಎಂದು ಅವರ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಆ ಮನೆಯಲ್ಲಿ ಹಾಸ್ಯ ನಿಂತು ಒಂಬತ್ತು ದಿನವಾಗಿತ್ತು.

ಒಂಬತ್ತು ದಿನದಲ್ಲಿ ಮೂವರು ಸತ್ತಿದ್ದರು. ಮೂವರೂ ಇದೇ ಅಂಗಡಿಯ ಮಂಡಿನೋವಿನ ಗುಳಿಗೆ ನುಂಗಿದವರು. ಅಂಗಡಿಯ ಪಂಡಿತರು, ಅಂದರೆ ಸಾಹೇಬರ ಹೆಂಡತಿಯ ಅಣ್ಣ, ‘ಹಸಿ ಬೇರು ಎಂದು ಗೊತ್ತಿದ್ದೇ ಹಾಕಿದೆ’ ಎಂದು ಬರೆದುಕೊಟ್ಟು ಲಾಕಪ್ಪಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು.

ಇವತ್ತು ಹನ್ನೆರಡು ಗಂಟೆಗೆ ಅವರನ್ನು ಕೋರ್ಟಿಗೆ ಒಯ್ಯುತ್ತಾರೆ. ಕೊಲೆ ಆರೋಪ. ಅಲ್ಲಿಂದ ಮುಂದೆ ಅವರು ಮನೆಗೆ ಬರುವುದಿಲ್ಲ.

ಗಡಿಯಾರದಲ್ಲಿ ಒಂಬತ್ತಾಗಿತ್ತು.

“ಭಾವ ಇದನ್ನ ನಾಲಿಗೆಗೆ ಹಚ್ಚಿ ನೋಡ್ತಿರಲಿಲ್ಲ, ಅಲ್ವಾ?” ಸಾಹೇಬರು ಕೇಳಿದರು. ನಾಲಿಗೆ ದಪ್ಪವಾಗಿ ಮಾತು ಸ್ವಲ್ಪ ತೊದಲುತ್ತಿತ್ತು.

“ಈ ಕಪಾಟಿನದು ಯಾವುದೂ ಬಾಯಿಗೆ ಹೋಗ್ಬಾರ್ದು ಅಂತ ಪಂಡಿತ್ರೇ ಕಟ್ಟುನಿಟ್ಟು ಮಾಡಿದ್ರು. ಮುಟ್ಟಿದ್ರೂ ಸೋಪು ಹಾಕಿ ಕೈ ತೊಳೀಬೇಕು.”

“ಕಣ್ಣಿಂದ ನೋಡಿ ಗೊತ್ತು ಹಿಡೀತಿದ್ರಾ?”

“ಎಲ್ಲಿ ಕಣ್ಣು, ಸಾಹೇಬ್ರೇ? ಎರಡಕ್ಕೂ ಪೊರೆ ಬಂದಿದೆ. ಆಪರೇಷನ್ ಮಾಡಿಸ್ಕೊಳ್ಳಿ ಅಂದ್ರೆ ನಾಳೆ ನಾಡಿದ್ದು ಅಂತಾರೆ. ದೊಡ್ಡಕ್ಷರ ಬರೆದಿದ್ರೆ ಓದ್ತಾರೆ, ಅಷ್ಟೇ.”

ಓದುತ್ತಾರೆ. ಸಾಹೇಬರು ಆ ಮಾತನ್ನು ಮನಸ್ಸಿನಲ್ಲಿ ಒತ್ತಿಟ್ಟುಕೊಂಡರು.

ಜಾಡಿಯಲ್ಲಿದ್ದದ್ದು ವತ್ಸನಾಭಿ, ಸುಮ್ಮನೆ ಬಿಡುವ ಬೇರಲ್ಲ. ಕುದಿಸದೆ ಒಣಗಿಸಿದ್ದು, ಕಸುಬಿನವರ ಮಾತಿನಲ್ಲಿ ಹಸಿಯದು, ಒಂದು ಚೂರು ಹೊಟ್ಟೆಗೆ ಹೋದರೆ ಸಾಕು. ಬಾಯಿ ಮರಗಟ್ಟುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಆಮೇಲೆ ಎದೆಬಡಿತ ತಾಳ ತಪ್ಪುತ್ತದೆ. ಅದೇ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲಿ ಗಂಟೆಗಟ್ಟಲೆ ಕುದಿಸಿದರೆ ವಿಷ ಒಡೆದು ಬಹುಪಾಲು ಸೌಮ್ಯವಾಗುತ್ತದೆ. ಆಗ ಕಸುಬು ಬಲ್ಲವರು ಅದನ್ನು ಕಾಳಿನಷ್ಟು ಅಳೆದು ನೋವಿನ ಗುಳಿಗೆಗೆ ಸೇರಿಸುತ್ತಾರೆ. ಹಾಗೆ ಕುದಿಸಿದ್ದಕ್ಕೆ ಈ ಕಸುಬಿನಲ್ಲಿ ಒಂದೇ ಒಂದು ಹೆಸರು. ಶುದ್ಧ. ಶುದ್ಧವೆಂದರೆ ಇಲ್ಲಿ ಚೊಕ್ಕಟವೆಂದಲ್ಲ, ಕಲಬೆರಕೆ ಇಲ್ಲದ್ದೆಂದೂ ಅಲ್ಲ. ವಿಷ ತೆಗೆದದ್ದು ಎಂದು ಅರ್ಥ.

ಬೀದಿಯಲ್ಲಿ ಹೋಗುವವರಿಗೆ ಅದು ತಿಳಿದಿರಬೇಕಾಗಿಲ್ಲ. ಈ ಕೋಣೆಯಲ್ಲಿ ಕೈಯಾಡಿಸುವವರಿಗೆ ತಿಳಿಯದೆ ಇದ್ದರೆ ಹೆಣ ಬೀಳುತ್ತದೆ.

ಸಾಹೇಬರು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಪಿಂಗಾಣಿ, ಮೇಲೆ ಮರದ ಬಿರಡೆ. ಪೊಲೀಸರು ಪುಡಿಯನ್ನೆಲ್ಲ ಪರೀಕ್ಷೆಗೆ ಒಯ್ದಿದ್ದರು. ವರದಿ ಬರಲು ಮೂರು ವಾರ ಬೇಕು. ತಳದಲ್ಲಿ ಅಂಟಿಕೊಂಡದ್ದು ಮಾತ್ರ ಉಳಿದಿತ್ತು. ಅದರಲ್ಲಿ ಪುಡಿಯಾಗದ ಎರಡು ಚೂರು ಬೇರು ಸಿಕ್ಕವು. ಉಗುರಿನಿಂದ ಒತ್ತಿದರೆ ಪಟ್ಟನೆ ಮುರಿದು ಒಳಗೆ ಹಿಟ್ಟಿನ ಬಿಳುಪು ಕಂಡಿತು. ಕುದಿಸಿದ್ದಾದರೆ ಹೀಗೆ ಮುರಿಯುವುದಿಲ್ಲ, ಒಣಗಿದ ಮೇಲೆ ಕೊಂಬಿನಷ್ಟು ಗಟ್ಟಿಯಾಗಿ ಕಂದಾಗುತ್ತದೆ.

ಜಾಡಿಯ ಹೊಟ್ಟೆಯ ಮೇಲೆ ಬೆರಳಾಡಿಸಿದರು. ಎಲ್ಲ ಕಡೆಯೂ ಧೂಳಿನ ಜಿಡ್ಡು, ಒಂದು ಕಡೆ ಮಾತ್ರ ಬೆಂಕಿಪೊಟ್ಟಣದಷ್ಟು ಅಗಲ ಚೊಕ್ಕಟ. ಅಂಚಿನಲ್ಲಿ ಗೋಂದು ಇನ್ನೂ ಅಂಟುತ್ತಿತ್ತು.

“ಇಲ್ಲಿ ಒಂದು ಚೀಟಿ ಇತ್ತು,” ಎಂದರು.

ಕುಟ್ಟಾಣಿಯಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಬೇರೆ ಎಲ್ಲ ಜಾಡಿಗೂ ಚೀಟಿ ಇದೆ. ಇದೊಂದಕ್ಕೆ ಮಾತ್ರ ಇಲ್ಲ. ಪೊಲೀಸ್ರು ಕಿತ್ತಿದ್ರೆ ಅವರ ಪಟ್ಟಿಯಲ್ಲಿ ಇರ್ತಿತ್ತು. ನಾನು ನೋಡಿದ್ದೀನಿ, ಇಲ್ಲ.”

“ಗೋಂದು ಬಿಟ್ಟು ಉದುರಿರ್ಬೋದು.”

“ನಲವತ್ತು ಜಾಡಿಯಲ್ಲಿ ಇದೊಂದರದ್ದೇ ಉದುರ್ತಾ, ಅಕ್ಕಾ?”

ಅವಳು ನೆಲ ನೋಡಿದಳು. ಸಾಹೇಬರಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ನಿನ್ನೆ ಲಾಕಪ್ಪಿನ ಸರಳಿನಾಚೆ ಭಾವನೂ ಹೀಗೆಯೇ ನೆಲ ನೋಡಿದ್ದರು. ಯಾರನ್ನ ಕಾಪಾಡ್ತಿದ್ದೀರಿ ಎಂದು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: “ನೀವು ಮನೆಗೆ ಹೋಗಿ. ಅವಳೊಬ್ಬಳೇ ಇದ್ದಾಳೆ.”

ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದದ್ದು ನಿಜ. ಊಟ ಬಿಟ್ಟು, ಬಚ್ಚಲಿನ ನಲ್ಲಿ ತಿರುಗಿಸಿ ಆ ಸದ್ದಿನಲ್ಲಿ ಅಳುತ್ತಿದ್ದಳು. ಇವತ್ತು ಬೆಳಿಗ್ಗೆ ಸಾಹೇಬರು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಬಂದು, “ರೀ, ಏನಾದ್ರೂ ಸಿಕ್ರೆ ಮೊದಲು ನನಗೆ ಹೇಳಿ,” ಎಂದಿದ್ದಳು. ಅಣ್ಣನ ಮೇಲೆ ಅವಳು ಇಟ್ಟ ಪ್ರಾಣ ಎಂಥದ್ದೆಂದು ಸಾಹೇಬರಿಗೆ ಗೊತ್ತು. ಭಾವ ಜೈಲಿಗೆ ಹೋದರೆ ಅವಳು ಉಳಿಯುವುದಿಲ್ಲ. ಅವಳು ಉಳಿಯದಿದ್ದರೆ ತಾವು ಉಳಿದು ಮಾಡುವುದೇನು?

ಅವರು ಒರಳಿನ ಬಳಿ ಬಂದರು. ಕಬ್ಬಿಣದ ಒರಳು, ಸೊಂಟದೆತ್ತರ. ಅದರ ಹಿಂದೆ ಗೋಡೆಗೆ ಒರಗಿಸಿ ಮಡಚಿಟ್ಟ ಖಾಲಿ ಗೋಣಿಚೀಲಗಳಿದ್ದವು. ಮೂಸಿದರು. ಮೊದಲನೆಯದು ಶುಂಠಿ, ಎರಡನೆಯದು ಅತಿಮಧುರ. ಮೂರನೆಯದರಲ್ಲಿ ಮೂಗಿಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ, ಮಣ್ಣಿನ ವಾಸನೆ ಮಾತ್ರ. ಬಿಡಿಸಿ ಕೊಡವಿದರು. ಅಂಥದೇ ಬಿಳಿಯ ಚೂರೊಂದು ಕೆಳಗೆ ಬಿತ್ತು.

ಗೋಣಿಯ ಮೇಲೆ ಬೇರು ಕಳಿಸುವ ವ್ಯಾಪಾರಿಯ ಅಚ್ಚಿತ್ತು. ಕಪ್ಪು ಬಣ್ಣದಲ್ಲಿ, ಅಂಗೈ ಅಗಲದ ಅಕ್ಷರಗಳು.

ಶುದ್ದ ಮಾಲು.

ಸಾಹೇಬರು ಅದನ್ನು ಎರಡು ಸಲ ಓದಿದರು.

ವ್ಯಾಪಾರಿಗೆ ಶುದ್ಧವೆಂದರೆ ಕಲ್ಲು ಮಣ್ಣು ಬೆರೆಸದ ಮಾಲು. ಅವನ ಪಾಲಿಗೆ ಶುಂಠಿಯೂ ಶುದ್ಧ, ವತ್ಸನಾಭಿಯೂ ಶುದ್ಧ. ಅದನ್ನು ನೋಡಿ ಯಾರೋ ಜಾಡಿಗೆ ಸುರಿದು, ಗೋಣಿಯ ಮೇಲಿದ್ದ ಮಾತನ್ನೇ ಚೀಟಿಗೆ ಇಳಿಸಿದ್ದಾರೆ. ಕಣ್ಣು ಮಂಜಾದ ಪಂಡಿತರು ಚೀಟಿ ಓದಿದ್ದಾರೆ. ಅವರ ಅರ್ಥದ ಶುದ್ಧವೆಂದು ನಂಬಿ ಗುಳಿಗೆ ಕಟ್ಟಿಸಿದ್ದಾರೆ. ಒಂದು ಮಾತು, ಎರಡು ಅರ್ಥ, ಮೂರು ಹೆಣ.

ಹಾಗಾದರೆ ಇದು ಕೊಲೆಯಲ್ಲ. ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಸಾಹೇಬರು ಎದೆ ತುಂಬ ಉಸಿರೆಳೆದುಕೊಂಡರು.

ಇಂಥ ತಪ್ಪು ಯಾರಿಂದ ಆಗಬಹುದು? ಗಿಡಮೂಲಿಕೆಯ ಮನೆಯಲ್ಲಿ ಹುಟ್ಟಿ ಬೆಳೆದವರಿಂದ ಆಗುವುದಿಲ್ಲ. ಅವರಿಗೆ ಆ ಮಾತು ಹಾಲಿನ ಜೊತೆಗೇ ಹೊಟ್ಟೆಗಿಳಿದಿರುತ್ತದೆ. ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ ನಕಲು ಮಾಡುವವರಿಂದ ಆಗುತ್ತದೆ.

ಅವರು ತಿರುಗಿ ನಿಂತರು. ಕುಟ್ಟಾಣಿಯಕ್ಕ ಅಲ್ಲೇ ಇದ್ದಳು. ಗೋಣಿಯನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತ್ತು.

“ಕೂತ್ಕೋ, ಅಕ್ಕಾ.”

“ನಿಂತೇ ಇರ್ತೀನಿ.”

“ಕೂತ್ಕೋ ಅಂದೆ.”

ಅವಳು ಒರಳಿನ ಪಕ್ಕದ ಮಣೆಯ ಮೇಲೆ ಕುಸಿದಳು. ಸಾಹೇಬರು ಒಂದು ಖಾಲಿ ಡಬ್ಬ ಬೋರಲು ಹಾಕಿ ಎದುರಿಗೆ ಕೂತರು. ಹೀಗೆ ಕೂತು ಅವರು ಎಷ್ಟೋ ಸಲ ಅವಳ ಜೊತೆ ಟೀ ಕುಡಿದಿದ್ದುಂಟು.

“ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು,” ಎಂದರು. “ಗೋಣಿ ಬಂತು. ಭಾವ ಅಂಗಡೀಲಿ ಇರಲಿಲ್ಲ. ಹುಳ ಬೀಳುತ್ತೆ ಅಂತ ನೀನು ಬೇರನ್ನ ಜಾಡಿಗೆ ಸುರಿದೆ. ಚೀಟಿ ಇಲ್ಲದ ಜಾಡಿ ಕಂಡ್ರೆ ಭಾವ ರೇಗ್ತಾರೆ. ಅದಕ್ಕೆ ಗೋಣಿ ಮೇಲೆ ಇದ್ದದ್ದನ್ನ ನೋಡ್ಕೊಂಡು ಬರೆದು ಅಂಟಿಸ್ದೆ. ಅಷ್ಟೇ. ಕೆಟ್ಟ ಬುದ್ಧಿ ಇರಲಿಲ್ಲ.”

ಅವಳು ಮಣೆಯ ಅಂಚನ್ನು ಹಿಡಿದುಕೊಂಡಳು.

“ಭಾವನಿಗೆ ವಿಷಯ ಗೊತ್ತಾಯ್ತು. ನಿನ್ನ ಹೆಸರು ಬರಬಾರದು ಅಂತ ಚೀಟಿ ಕಿತ್ತು, ತಪ್ಪೆಲ್ಲ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ಹೌದೋ ಅಲ್ವೋ?”

ಹೊರಗೆ ಬೀದಿಯಲ್ಲಿ ಬಸ್ಸೊಂದು ನಿಂತು ಹೊರಟಿತು.

“ಹೌದು,” ಎಂದಳು.

“ನೀನೇ ಬರೆದದ್ದು?”

“ನಾನೇ. ನನ್ನನ್ನ ಹಿಡ್ಕೊಂಡು ಹೋಗಿ. ಪಂಡಿತ್ರನ್ನ ಬಿಟ್ಬಿಡಕ್ಕೆ ಹೇಳಿ.”

ಸಾಹೇಬರಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ಅವರಿಗೇ ನಾಚಿಕೆಯೂ ಆಯಿತು. ಎದುರಿಗೆ ಒಬ್ಬ ಬಡಪಾಯಿ ಹೆಂಗಸು ತನ್ನ ಕತ್ತನ್ನು ತಾನೇ ಮುಂದೆ ಚಾಚಿದ್ದಳು, ಇವರ ಮನಸ್ಸು ಆಗಲೇ ಮನೆಗೆ ಓಡಿ ಹೆಂಡತಿಗೆ ಸುದ್ದಿ ಹೇಳುತ್ತಿತ್ತು.

“ನೋಡು, ತಪ್ಪಿ ಆದದ್ದಕ್ಕೆ ಶಿಕ್ಷೆ ಕಡಿಮೆ,” ಎಂದು ತಮಗೇ ಸಮಾಧಾನ ಹೇಳಿಕೊಳ್ಳುವವರ ಹಾಗೆ ಹೇಳಿದರು. “ಒಳ್ಳೆ ವಕೀಲರನ್ನ ಇಡ್ತೀನಿ. ನಿನ್ನ ಕೈ ಬಿಡಲ್ಲ.”

ಜೇಬಿನಿಂದ ಪುಟ್ಟ ಪುಸ್ತಕ, ಪೆನ್ಸಿಲ್ ತೆಗೆದು ಅವಳ ಮುಂದೆ ಹಿಡಿದರು.

“ಇನ್‌ಸ್ಪೆಕ್ಟರ್ ಮೊದಲು ಕೇಳೋದು ಇದನ್ನೇ. ಚೀಟೀಲಿ ಏನು ಬರೆದಿದ್ಯೋ ಅದನ್ನ ಇಲ್ಲಿ ಬರಿ.”

ಅವಳು ಪೆನ್ಸಿಲನ್ನು ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಳು. ನಾಲಿಗೆ ಕಚ್ಚಿಕೊಂಡು, ಒಂದೊಂದು ಅಕ್ಷರಕ್ಕೂ ಕಾಗದವನ್ನು ತಿರುಗಿಸುತ್ತ ಬರೆದಳು. ಸಾಹೇಬರು ತಿರುಗಿಸಿ ಓದಿದರು.

ಸುದ್ದ ವಸನಾಬಿ.

“ಶ ಎಲ್ಲಿ?”

“ಅದೇ ಅಲ್ವಾ?”

“ಗೋಣಿ ಮೇಲೆ ಶ ಇದೆ, ಅಕ್ಕಾ. ನೋಡ್ಕೊಂಡು ಬರೆದೆ ಅಂದ್ಯಲ್ಲ.”

“ನೋಡ್ಕೊಂಡೇ ಬರೆದೆ... ಅವತ್ತು. ಈಗ ಗಾಬರೀಲಿ...”

ಅವರ ಮೊಬೈಲು ಹೊಡೆದುಕೊಂಡಿತು. ಇನ್‌ಸ್ಪೆಕ್ಟರ್.

“ಸರ್, ಎಲ್ಲಿದ್ದೀರಿ?”

“ಅಂಗಡೀಲಿ. ನನಗೆ ಇನ್ನೊಂದು ಗಂಟೆ ಕೊಡಿ. ಇದು ಕೊಲೆ ಅಲ್ಲ, ಚೀಟಿ ಬರೆಯೋದ್ರಲ್ಲಿ ಆದ...”

“ಸರ್.” ಆ ಕಡೆಯ ದನಿ ಸಣ್ಣದಾಯಿತು. “ಬ್ಯಾಂಡ್ ಮಾಸ್ತರು ಹೋಗ್ಬಿಟ್ರು. ಈಗ ಹತ್ತು ನಿಮಿಷದ ಹಿಂದೆ. ಆಸ್ಪತ್ರೆಯಿಂದ ಫೋನ್ ಬಂತು.”

ನಾಲ್ಕನೆಯವರು. ಎಂಟು ದಿನದಿಂದ ಯಂತ್ರಕ್ಕೆ ಜೋಡಿಸಿ ಮಲಗಿಸಿದ್ದರು, ಬದುಕುತ್ತಾರೆಂದು ಡಾಕ್ಟರು ನಿನ್ನೆ ಹೇಳಿದ್ದರು. ಮದುವೆ ಮೆರವಣಿಗೆಗಳಲ್ಲಿ ಕಹಳೆ ಊದುತ್ತಿದ್ದ ಮನುಷ್ಯ. ಮಂಡಿ ನೋವಿಗೆ ಮುಂದೆ ನಿಂತು ಊದಲಾಗದೆ ಗುಳಿಗೆ ತೆಗೆದುಕೊಂಡಿದ್ದರು.

“ಹನ್ನೆರಡಕ್ಕೆ ಕೋರ್ಟು,” ಎಂದಿತು ದನಿ. “ಏನಾದ್ರೂ ಇದ್ರೆ ಕೈಯಲ್ಲಿ ಹಿಡ್ಕೊಂಡು ಬನ್ನಿ. ಬಾಯಿಮಾತು ನಡೆಯಲ್ಲ.”

ಸಾಹೇಬರು ಮೊಬೈಲನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಕೋಣೆ ಅಷ್ಟು ಚಿಕ್ಕದು, ಇನ್‌ಸ್ಪೆಕ್ಟರ್ ಹೇಳಿದ್ದನ್ನು ಕುಟ್ಟಾಣಿಯಕ್ಕನೂ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ. ತನ್ನ ಎರಡು ಅಂಗೈಯನ್ನೂ ಮೇಲೆ ಮಾಡಿ ನೋಡಿಕೊಂಡಳು.

“ಕೈಗೆ ಗೊತ್ತಾಗಿತ್ತು, ಸಾಹೇಬ್ರೇ,” ಎಂದಳು.

“ಏನು?”

“ಕುದಿಸಿದ್ದನ್ನ ಕುಟ್ಟೋವಾಗ ಒನಕೆ ಎಗರಿ ಎಗರಿ ಬೀಳತ್ತೆ. ಕಲ್ಲು ಒಡೆದ ಹಾಗೆ ಸದ್ದು. ಅವತ್ತು ಒಂದೇ ಏಟಿಗೆ ಪುಡಿಯಾಯ್ತು. ಬೆಳ್ಳಗೆ, ಹಿಟ್ಟಿನ ಹಾಗೆ. ಇಪ್ಪತ್ತೆರಡು ವರ್ಷ ಕುಟ್ಟಿದ ಕೈ ಇದು. ಗೊತ್ತಾಗಲ್ವಾ? ಇದು ಬೆಂದಿಲ್ಲ ಅಂತ ಕೈ ಹೇಳ್ತು.”

“ಮತ್ತೆ ಯಾಕೆ ಕುಟ್ಟಿದೆ?”

“ಕೇಳ್ದೆ. ಸುಮ್ನೆ ಕುಟ್ಲಿಲ್ಲ, ದೇವರಾಣೆ ಕೇಳ್ದೆ. ‘ಇದು ಬೇರೆ ಥರ ಇದೆಯಲ್ಲ’ ಅಂದೆ. ‘ಶುದ್ಧ ಅಂತ ಬರೆದಿದ್ದೀನಲ್ಲ, ಕುಟ್ಟು’ ಅಂದ್ರು. ಓದು ಬಂದವ್ರು ಹೇಳಿದ ಮೇಲೆ ನನ್ನ ಕೈ ಮಾತು ಯಾರು ಕೇಳ್ತಾರೆ? ನಾನೇ ಕೇಳ್ಲಿಲ್ಲ.”

ಸಾಹೇಬರು ತಟ್ಟನೆ ತಲೆಯೆತ್ತಿದರು.

“ಯಾರು ಹಾಗಂದದ್ದು?”

ಅವಳು ಹೇಳಲಾರೆನೆಂದು ತಲೆಯಾಡಿಸಿದಳು.

“ಭಾವನಾ?”

“ಪಂಡಿತ್ರು ಅವತ್ತು ಊರಲ್ಲೇ ಇರಲಿಲ್ಲ.”

“ವ್ಯಾಪಾರಿ ಕಡೆಯವರಾ? ಯಾರು, ಅಕ್ಕಾ? ಈಗಷ್ಟೇ ನೀನೇ ಬರೆದೆ ಅಂದೆ. ಯಾರಿಗೋಸ್ಕರ ಸುಳ್ಳು ಹೇಳ್ದೆ?”

“ಪಂಡಿತ್ರಿಗೋಸ್ಕರ. ಅವ್ರು ಕಾಲು ಹಿಡ್ಕೊಂಡ್ರು, ಸಾಹೇಬ್ರೇ. ನನ್ನ ಕಾಲು! ಪೊಲೀಸ್ರು ಬರೋಕೆ ಮುಂಚೆ ಜಾಡಿ ತಗೊಂಡು ಚೀಟೀನ ಕಣ್ಣಿಗೆ ಒತ್ತಿಟ್ಟು ಓದಿದ್ರು. ಓದಿ ಅಲ್ಲೇ ಕೂತ್ಬಿಟ್ರು. ಆಮೇಲೆ ನೀರು ಹಚ್ಚಿ ಕಿತ್ತು ನನ್ನ ಕೈಗೆ ಕೊಟ್ಟು, ‘ಸುಟ್ಟುಬಿಡು, ಯಾರಿಗೂ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ’ ಅಂದ್ರು.”

“ಸುಟ್ಯಾ?”

ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಹೊರಗೆ ಬಂದದ್ದು ಬಸ್ ಪಾಸು. ಪ್ಲಾಸ್ಟಿಕ್ ಕವರು ಹಳೆಯದಾಗಿ ಹಳದಿ ತಿರುಗಿತ್ತು. ಪಾಸಿನ ಹಿಂದಿನಿಂದ, ನಾಲ್ಕು ಮಡಿಕೆಯಾಗಿದ್ದ ಕಾಗದವೊಂದನ್ನು ಉಗುರಿನಿಂದ ಎಳೆದಳು.

“ಸುಡಕ್ಕೆ ಒಲೆ ಹತ್ರ ಹೋದೆ. ಕೈ ಬರ್ಲಿಲ್ಲ. ಇದನ್ನ ಸುಟ್ರೆ ಉಳಿಯೋದೇನು? ಕುಟ್ಟಿದ್ದು ನಾನು ಅನ್ನೋದೊಂದೇ. ನನಗೂ ಮೊಮ್ಮಕ್ಕಳಿದ್ದಾರೆ.” ಕಾಗದವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ಅವರ ಮುಖ ನೋಡಿದಳು. “ಇಷ್ಟು ದಿನ ತೋರಿಸ್ಲಿಲ್ಲ. ಇವತ್ತು ನೀವು ಗೋಣಿ ಬಿಚ್ಚಿದಾಗಲೂ ನಾನೇ ಅಂದ್ಬಿಟ್ಟೆ, ನಿಮ್ಮ ಮುಖ ನೋಡಿ. ಈಗ ಬ್ಯಾಂಡ್ ಮಾಸ್ತರೂ ಹೋದ್ರು. ಇನ್ನು ನನ್ನ ಕೈಲಾಗಲ್ಲ. ಆದ್ರೆ ಸಾಹೇಬ್ರೇ, ನೀವು ನೋಡದೆ ಹಾಗೇ ಇನ್‌ಸ್ಪೆಕ್ಟರ್‌ಗೆ ಕೊಟ್ಬಿಡಿ. ನೋಡ್ಬೇಡಿ.”

“ನನ್ನ ಮುಖ ನೋಡಿ ಅಂದ್ರೆ?”

ಅವಳು ಕಾಗದವನ್ನು ಅವರ ಅಂಗೈಯಲ್ಲಿಟ್ಟು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಸಾಹೇಬರು ಮಡಿಕೆ ಬಿಡಿಸಿದರು. ನೀರು ತಾಗಿ ಶಾಯಿ ಒಂದು ಕಡೆ ಹರಡಿತ್ತು. ಅಕ್ಷರಗಳು ದೊಡ್ಡವು, ಮಂಜುಗಣ್ಣಿನವರು ಓದಲೆಂದೇ ದಪ್ಪ ಪೆನ್ನಿನಲ್ಲಿ ಬರೆದವು.

ವತ್ಸನಾಭಿ – ಶುದ್ಧ.

ಮೊದಲು ಅವರ ಕಣ್ಣು ಹೋದದ್ದು ಒಂದು ಒತ್ತಿನ ಮೇಲೆ. ಗೋಣಿಯ ಅಚ್ಚಿನಲ್ಲಿ ದಕಾರಕ್ಕೆ ದಕಾರದ ಒತ್ತು. ನೂರಾರು ಅಂಗಡಿಗಳ ಬೋರ್ಡುಗಳಲ್ಲಿ ಇರುವಂಥ ತಪ್ಪು. ಚೀಟಿಯಲ್ಲಿ ಆ ತಪ್ಪಿರಲಿಲ್ಲ. ಧಕಾರದ ಒತ್ತು, ಅದರ ಹೊಟ್ಟೆಯ ಸೀಳು ಸಮೇತ, ಅಚ್ಚುಕಟ್ಟಾಗಿ ಬಿದ್ದಿತ್ತು. ಬರೆದವರು ಗೋಣಿಯ ಮಾತನ್ನು ಸುಮ್ಮನೆ ನಕಲು ಮಾಡಿರಲಿಲ್ಲ. ಕಾಗುಣಿತ ತಿದ್ದಿ ಬರೆದಿದ್ದರು.

ತಪ್ಪು ಕಂಡರೆ ತಿದ್ದದೆ ಕೈ ಸುಮ್ಮನಿರದ ಒಬ್ಬರನ್ನು ಸಾಹೇಬರು ಬಲ್ಲರು. ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದವಳು. ಮದುವೆ ಕರೆಯೋಲೆ ಬಂದರೆ ಊಟದ ಹೊತ್ತು ನೋಡುವ ಮೊದಲು ಮಹಾಪ್ರಾಣ ನೋಡುವವಳು. ಔಷಧದಂಗಡಿಯ ಬೋರ್ಡಿನಲ್ಲಿ ‘ಔಷದ’ ಎಂದಿದ್ದರೆ ಆ ಅಂಗಡಿಗೆ ಹೆಜ್ಜೆ ಇಡದವಳು. ವಾರಕ್ಕೊಂದು ದಿನ, ಗುರುವಾರ, ಅಣ್ಣನ ಜೊತೆ ಹರಟೆ ಹೊಡೆದು ಬರುತ್ತೇನೆಂದು ಬುತ್ತಿ ಕಟ್ಟಿಕೊಂಡು ಹೋಗುವವಳು. ಹರಟೆಯಷ್ಟೇ ಎಂದು ಸಾಹೇಬರು ತಿಳಿದಿದ್ದರು. ಅಣ್ಣನ ಕಣ್ಣು ಮಂಜಾದ ಮೇಲೆ ಈ ಅಂಗಡಿಯ ಚೀಟಿಗಳನ್ನು ಯಾರು ಬರೆಯುತ್ತಾರೆಂದು ಅವರು ಒಂದು ದಿನವೂ ಕೇಳಿರಲಿಲ್ಲ.

ತಲೆಯೆತ್ತಿ ಕಪಾಟು ನೋಡಿದರು. ಒಂಬತ್ತು ದಿನದಿಂದ ಮೂಸಿದ್ದು, ಕೆರೆದದ್ದು, ಅಳೆದದ್ದೆಲ್ಲ ಜಾಡಿಗಳ ಒಳಗಿನದನ್ನು. ಹೊರಗೆ, ಕಣ್ಣಿನ ಎತ್ತರದಲ್ಲಿ, ಆರೇಳು ಹೊಸ ಚೀಟಿಗಳ ಮೇಲೆ ಅದೇ ದುಂಡನೆಯ ಅಕ್ಷರವಿತ್ತು. ಮನೆಯ ಸಕ್ಕರೆ ಡಬ್ಬದ ಮೇಲೆ ಇರುವ ಅಕ್ಷರ. ದಿನಾ ಕಣ್ಣ ಮುಂದೆ ಇರುವುದನ್ನು ಯಾರು ತಾನೇ ನೋಡುತ್ತಾರೆ?

“ಅಮ್ಮಾವ್ರು ಬೇಕಂತ ಮಾಡಿಲ್ಲ, ಸಾಹೇಬ್ರೇ,” ಎಂದಳು ಕುಟ್ಟಾಣಿಯಕ್ಕ ಗೋಡೆಯ ಕಡೆಗೇ ನೋಡುತ್ತ. “ಬೇಕಂತ ಯಾಕೆ ಮಾಡ್ತಾರೆ?”

ಸಾಹೇಬರೂ ಅದನ್ನೇ ಹಿಡಿದುಕೊಳ್ಳಲು ನೋಡಿದರು. ಅಕ್ಷರ ತಿದ್ದುವವರು ಅಕ್ಷರವನ್ನಷ್ಟೇ ನೋಡುತ್ತಾರೆ, ಅರ್ಥ ಪಕ್ಕದಲ್ಲೇ ನಿಂತಿದ್ದರೂ ಕಾಣುವುದಿಲ್ಲ. ಆ ಒತ್ತು ಸರಿಮಾಡುವ ಭರದಲ್ಲಿ ಅವಳು ಅದೇ ಮಾತನ್ನು ಎಲ್ಲಿ ಅಂಟಿಸುತ್ತಿದ್ದೇನೆಂದು ಯೋಚಿಸಿರಲಾರಳು. ಆಗಬಹುದಾದದ್ದೇ. ಕೋರ್ಟಿನಲ್ಲಿ ನಿಂತು ಹೇಳಬಹುದಾದದ್ದೇ.

ಆದರೆ ಕಾಲು ಗಂಟೆಯ ಹಿಂದೆ ತಾವೇ ಹಾಕಿದ ಲೆಕ್ಕ ಎದುರಿಗೆ ಬಂದು ನಿಂತಿತು. ಈ ಮನೆಯಲ್ಲಿ ಹುಟ್ಟಿ ಬೆಳೆದವರಿಂದ ಇಂಥ ತಪ್ಪು ಆಗುವುದಿಲ್ಲ. ಅವಳು ಹುಟ್ಟಿದ್ದು ಈ ಅಂಗಡಿಯ ಮಾಳಿಗೆಯಲ್ಲಿ. ಹಾಲಿನಲ್ಲಿ ಬೇರು ಕುದಿಯುವಾಗ ಪಕ್ಕದಲ್ಲಿ ಕೂತು ಅಕ್ಷರ ಕಲಿತವಳು. ‘ಶುದ್ಧಿ ಆಯ್ತಾ ಅಪ್ಪಾ’ ಎಂದು ತೊದಲು ಮಾತಿನಲ್ಲೇ ಕೇಳುತ್ತಿದ್ದಳೆಂದು ಭಾವ ಪ್ರತಿ ಸಲ ಹೇಳಿ ನಗುತ್ತಿದ್ದರು. ಆ ಮಾತಿನ ಅರ್ಥ ಅವಳಿಗೆ ತಿಳಿಯದೆಂದು ಯಾವ ನ್ಯಾಯಾಧೀಶರ ಮುಂದೆ ಹೇಳುವುದು? ಕುಟ್ಟುವವಳು ಅನುಮಾನ ಪಟ್ಟು ಕೇಳಿದ ಮೇಲೂ ‘ಕುಟ್ಟು’ ಎಂದಳಲ್ಲ, ಅದನ್ನು ಯಾವ ಬಾಯಿಯಿಂದ ಹೇಳುವುದು?

ಭಾವ ಚೀಟಿ ಓದಿ ಅಲ್ಲೇ ಕೂತದ್ದು ಯಾಕೆಂದು ಈಗ ತಿಳಿಯಿತು. ಅವರೂ ಇದೇ ಪ್ರಶ್ನೆ ಕೇಳಿಕೊಂಡಿರಬೇಕು. ಉತ್ತರಕ್ಕೆ ಹೆದರಿ, ಅದನ್ನು ಯಾರೂ ಕೇಳದ ಹಾಗೆ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದರು.

ಈ ಕಾಗದವನ್ನು ಇನ್‌ಸ್ಪೆಕ್ಟರ್ ಕೈಗಿಟ್ಟರೆ ಅಣ್ಣ ಹೊರಗೆ ಬರುತ್ತಾನೆ, ತಂಗಿ ಒಳಗೆ ಹೋಗುತ್ತಾಳೆ. ಒಲೆಗೆ ಹಾಕಿದರೆ ಅಣ್ಣ ಒಳಗೇ ಸಾಯುತ್ತಾನೆ, ತಂಗಿ ನಲ್ಲಿ ಬಿಟ್ಟುಕೊಂಡು ಅಳುತ್ತಲೇ ಸಾಯುತ್ತಾಳೆ. ಸಾಹೇಬರು ಕೈ ಚೆಲ್ಲಿ ಕೂತರು. ಇಷ್ಟು ವರ್ಷ ಇದು ಅಸಲು, ಇದು ನಕಲು ಎಂದು ಸಲೀಸಾಗಿ ಹೇಳಿದ ಮನುಷ್ಯನಿಗೆ ಮೂವತ್ಮೂರು ವರ್ಷ ಜೊತೆಗೆ ಬಾಳಿದವಳ ಬಗ್ಗೆ ಒಂದು ಮಾತು ಹೇಳುವ ಧೈರ್ಯ ಬರಲಿಲ್ಲ. ಅವರು ಅತ್ತರು. ಅಳುವಾಗ ಮರಗಟ್ಟಿದ ತುಟಿ ಸೊಟ್ಟಗಾಯಿತು.

ಮೊಬೈಲು ಮತ್ತೆ ಹೊಡೆದುಕೊಂಡಿತು. ಪರದೆಯ ಮೇಲೆ ‘ಮನೆ’ ಎಂದಿತ್ತು.

ಆರು ಸಲ ಹೊಡೆದುಕೊಳ್ಳುವ ತನಕ ನೋಡಿದರು. ಆಮೇಲೆ ಕಿವಿಗಿಟ್ಟರು.

“ರೀ,” ಎಂದಳು ಅವಳು. ನಲ್ಲಿಯ ಸದ್ದಿರಲಿಲ್ಲ. ಒಂಬತ್ತು ದಿನದಲ್ಲಿ ಅವಳ ದನಿ ಇಷ್ಟು ನಿಚ್ಚಳವಾಗಿ ಕೇಳಿದ್ದು ಇದೇ ಮೊದಲು. “ಚೀಟಿ ಸಿಕ್ತಾ?”

ಚೀಟಿಯ ಮಾತನ್ನು ಅವರು ಅವಳಿಗೆ ಹೇಳಿಯೇ ಇರಲಿಲ್ಲ.

“ಸಿಕ್ತು,” ಎಂದರು.

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಕುರ್ಚಿ ಎಳೆದು ಕೂತದ್ದು ಕೇಳಿಸಿತು.

“ಒಂದೇನಾ ಸಿಕ್ಕಿದ್ದು?” ಎಂದು ಕೇಳಿದಳು. “ನಾನು ಎರಡು ಜಾಡಿಗೆ ಬರೆದಿದ್ದೆ, ರೀ.”